ಎರಡು ಕಾರ್ಡುಗಳ ಮದುವೆ

ನನ್ನ ಮದುವೆಯ ತಯಾರಿಯನ್ನು ನಾನೇ ಮಾಡಿಕೊಂಡೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಮನೆಯಲ್ಲಿ ಮಾಡುವವರು ಬೇರೆ ಯಾರೂ ಇರಲಿಲ್ಲ. ರಾಣೇಬೆನ್ನೂರಿನಲ್ಲಿ ಅಪ್ಪನದು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ. ಬೇಸಿಗೆ ಬಂತೆಂದರೆ ಸುಟ್ಟ ಮೋಟಾರುಗಳು ಬಾಗಿಲ ತನಕ ಸಾಲಾಗಿ ಕೂತಿರುತ್ತವೆ, ಅಪ್ಪ ತಲೆ ಎತ್ತುವುದಿಲ್ಲ. ಅವ್ವನಿಗೆ ಮೊಣಕಾಲು ನೋವು, ಬಸ್ಸು ಹತ್ತಲಾರಳು. ಅಣ್ಣತಮ್ಮಂದಿರಿಲ್ಲ. ಹಾಗಾಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತ, ಊಟದ ಬಿಡುವಿನಲ್ಲಿ ಫೋನು ಹಿಡಿದು, ನನ್ನ ಮದುವೆಯನ್ನು ನಾನೇ ಜೋಡಿಸತೊಡಗಿದೆ.

ಗಂಡಿನ ಮನೆ ಬ್ಯಾಡಗಿಯಲ್ಲಿತ್ತು. ಹುಡುಗ ಹಾವೇರಿಯಲ್ಲಿ ಸರ್ವೇಯರ್. ಎರಡೂ ಕಡೆಯವರಿಗೆ ಅನುಕೂಲವಾಗಲೆಂದು ಮೋಟೆಬೆನ್ನೂರಿನಲ್ಲಿ ಹೈವೇ ಪಕ್ಕದ ಕಲ್ಯಾಣ ಮಂಟಪವನ್ನು ನಾನು ಆರಿಸಿದೆ. ಮಂಟಪದ ಮ್ಯಾನೇಜರಿಗೆ ಫೋನು ಮಾಡಿದಾಗಲೆಲ್ಲ ಅವರು ಒಂದೇ ಮಾತು ಕೇಳುತ್ತಿದ್ದರು.

“ಮನ್ಯಾಗ ದೊಡ್ಡವರು ಯಾರೂ ಇಲ್ಲೇನವಾ? ಅವರ ಕಡೆ ಫೋನ್ ಕೊಡು.”

ಮದುವೆ ನನ್ನದೇ ಎಂದು ಹೇಳಿದೆ. ಅವರು ಫೋನನ್ನು ಸ್ವಲ್ಪ ದೂರ ಹಿಡಿದು, ಮಗ್ಗುಲಲ್ಲಿದ್ದ ಯಾರಿಗೋ “ಮದುಮಗಳ ಮಾತಾಡಾಕತ್ತಾಳಲೇ” ಎಂದು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅವರು ನನ್ನ ಜೊತೆ ಮಾತಾಡಿದ್ದು ನಗುವನ್ನು ತಡೆದುಕೊಂಡವರ ದನಿಯಲ್ಲಿ.

ಅಡುಗೆಯವರು ಕುಪ್ಪೇಲೂರಿನವರು. ಅವರಿಗೆ ಶೇಂಗಾ ಹೋಳಿಗೆ ಎಂದು ಹೇಳಿದ್ದೆ. ವಾರದ ನಂತರ ಖಾತ್ರಿ ಮಾಡಿಕೊಳ್ಳಲು ಕೇಳಿದರೆ, ನಿಮ್ಮ ಕಾಕಾ ಫೋನು ಮಾಡಿ ಬುಂದಿ ಲಾಡು ಮಾಡಲು ಹೇಳಿದ್ದಾರಲ್ಲ ಎಂದರು. ಕಾಕಾನನ್ನು, ಅಪ್ಪನ ತಮ್ಮನನ್ನು, ಕೇಳಿದೆ. ಮದುಮಗಳು ಅಡುಗೆಯವರ ಜೊತೆ ಮಾತಾಡುವುದು ಚೆನ್ನಾಗಿ ಕಾಣುವುದಿಲ್ಲ, ಅದಕ್ಕೇ ತಾನು ಮಾತಾಡಿದೆ ಎಂದ. ಮಾತಾಡಿದ್ದಕ್ಕೆ ಹೋಳಿಗೆ ಲಾಡು ಹೇಗಾಯಿತು ಎಂದು ಕೇಳಿದರೆ, ಮಂಟಪದ ಬಾಡಿಗೆಯ ಮಾತು ತೆಗೆದ. ಆ ತಿಂಗಳುಗಳೆಲ್ಲ ಹೀಗೇ ಹೋದವು. ಕೆಲಸ ನನ್ನದು, ಅದನ್ನು ಮಾಡಿದಂತೆ ಕಾಣಿಸಿಕೊಳ್ಳಬಾರದು. ನಾನು ಕೊಟ್ಟ ಉತ್ತರವನ್ನು ಇನ್ನೊಬ್ಬರು ಹಿಂದಿನಿಂದ ಹೋಗಿ ತಿದ್ದಿ ಬರುತ್ತಿದ್ದರು. ತಿದ್ದಿದ್ದನ್ನು ನನಗೆ ಹೇಳಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಯಾರೂ ತಿದ್ದಲಾರರು ಎಂದು ನಾನು ನಂಬಿದ್ದು ಕಾರ್ಡನ್ನು ಮಾತ್ರ. ನಮ್ಮ ಕಡೆ ಎರಡೂ ಮನೆಯವರು ತಮ್ಮ ಲಗ್ನಪತ್ರಿಕೆಯನ್ನು ತಾವೇ ಹಾಕಿಸುತ್ತಾರೆ. ನಮ್ಮದನ್ನು ನಾನೇ ಕೂತು ಅಕ್ಷರ ಅಕ್ಷರ ನೋಡಿದೆ. ಅದು ನನ್ನ ಕೆಲಸದಿಂದ ಬಂದ ಅಭ್ಯಾಸ. ಲ್ಯಾಬಿನಲ್ಲಿ ಸೂಜಿ ಮುಟ್ಟುವ ಮೊದಲು ಎದುರು ಕೂತವರ ಹೆಸರು ಕೇಳಬೇಕು. ನಾವು ಹೇಳಿ ಹೌದೆನ್ನಿಸಬಾರದು, ಅವರ ಬಾಯಿಂದಲೇ ಬರಬೇಕು. ಆಮೇಲೆ ಟ್ಯೂಬಿನ ಮೇಲೆ ಬರೆಯಬೇಕು. ಹೆಸರು ತಪ್ಪಿದರೆ ರಕ್ತ ಇನ್ನೊಬ್ಬರದಾಗುತ್ತದೆ. ನಮ್ಮ ಕಾರ್ಡಿನ ನಮೂನೆಯನ್ನು ಹುಡುಗನಿಗೆ ಕಳಿಸಿ, ನಿಮ್ಮದನ್ನೂ ಕಳಿಸಿರಿ, ನೋಡುತ್ತೇನೆ ಎಂದೆ. ಅದರಲ್ಲಿ ನೋಡುವುದೇನಿಲ್ಲ, ಎಲ್ಲ ಅದೇ ಇದೆ ಎಂದು ಅವರು ಬರೆದರು. ನಾನು ಮತ್ತೆ ಕೇಳಲಿಲ್ಲ.

ಅವ್ವನ ತಮ್ಮ, ನನ್ನ ಮಾಮಾ, ಕದರಮಂಡಲಗಿಯಲ್ಲಿರುತ್ತಾನೆ. ಬ್ಯಾಡಗಿಯ ಆ ಮನೆಯವರೂ ಅವನಿಗೆ ಮೊದಲಿನಿಂದ ಪರಿಚಯ, ಹಾಗಾಗಿ ಅವನಿಗೆ ಎರಡೂ ಕಡೆಯಿಂದ ಕಾರ್ಡು ಬಂತು. ಅವನು ಫೋನು ಮಾಡಿದಾಗ ನಾನು ರಕ್ತ ತೆಗೆಯಲು ಒಬ್ಬ ಹೆಂಗಸಿನ ತೋಳಿಗೆ ಪಟ್ಟಿ ಕಟ್ಟಿದ್ದೆ.

“ಸಿಟ್ಟಾಗಬ್ಯಾಡವಾ,” ಎಂದ ಮಾಮಾ. “ಆ ಹುಡುಗ ಇನ್ನೊಂದು ಹುಡುಗೀನ ಏನರ ನೋಡ್ಯಾನೇನು? ಅದ ಹುಡುಗ, ಅದ ಮಂಟಪ, ಅಕ್ಕಿಕಾಳು ಬೀಳೂ ಮುಹೂರ್ತನೂ ಅದ. ಹುಡುಗಿ ಮಾತ್ರ ಬ್ಯಾರೆ ಅದಾಳ.”

ಪಟ್ಟಿ ಬಿಚ್ಚಿ, ಆ ಹೆಂಗಸಿಗೆ ಸ್ವಲ್ಪ ತಡೆಯಲು ಹೇಳಿ, ಮಾಮಾ ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಚಿ. ಕುಂ. ಸೌ. ಎಂಬುದರ ಮುಂದೆ ನಾನು ಯಾವತ್ತೂ ಕೇಳಿರದ ಒಂದು ಹೆಸರಿತ್ತು. ಅದರ ಕೆಳಗೆ, ಮಾಮಾ ಓದದೆ ಬಿಟ್ಟ ಸಾಲಿನಲ್ಲಿ, ಅಪ್ಪನ ಹೆಸರು ಸರಿಯಿತ್ತು. ಅವ್ವನ ಹೆಸರು, ನಮ್ಮ ಓಣಿ, ಊರು, ಎಲ್ಲ ಸರಿಯಿತ್ತು. ನನ್ನ ಅಪ್ಪ ಅವ್ವನಿಗೆ ನಾನಲ್ಲದ ಒಬ್ಬ ಮಗಳು. ಆ ಹೆಂಗಸಿನ ರಕ್ತ ತೆಗೆಯುವ ಕೆಲಸವನ್ನು ಜೊತೆಯವಳಿಗೆ ಒಪ್ಪಿಸಿದೆ.

ಹುಡುಗನಿಗೆ ಫೋನು ಮಾಡಿದೆ. ಅವರು ಎಲ್ಲೋ ಹೊಲದಲ್ಲಿದ್ದರು, ಗಾಳಿಯ ಸದ್ದಿತ್ತು.

“ಓ, ಅದಾ,” ಎಂದರು. “ನಮ್ಮ ಮನ್ಯಾಗ ಸೊಸ್ತೇರಿಗೆ ಹೆಸರು ಇಡ್ತಾರ. ಅವ್ವ ಇಟ್ಟಾಳ. ಚಲೋ ಐತಲ್ಲ ಹೆಸರು?”

“ನಿಮಗ ಯಾವಾಗಿಂದ ಗೊತ್ತೈತ್ರಿ?”

“ನಿಶ್ಚಯ ಆದಾಗಿಂದ. ಆಧಾರ್ ಕಾರ್ಡಿನ್ಯಾಗ ನಿಂದ ಇರತೈತಿ. ಮನ್ಯಾಗ ಅಷ್ಟ ಅದು.”

ನಿಶ್ಚಯವಾದ ಮೇಲೆ ನಾವಿಬ್ಬರೂ ದಿನಾ ಮಾತಾಡಿದ್ದೆವು. ಕಿಟಕಿಯ ಪರದೆ ಯಾವ ಬಣ್ಣದ್ದಿರಲಿ ಎಂದು ಅವರು ನನ್ನನ್ನು ಕೇಳಿದ್ದರು. ತಮ್ಮ ಬೂಟಿನ ಫೋಟೋ ಕಳಿಸಿ ಇದು ಸರಿಯೇ ಎಂದು ಕೇಳಿದ್ದರು. ನನಗೆ ಹೊಸ ಹೆಸರು ಬಂದಿರುವುದು ಹೇಳುವಂಥ ವಿಷಯ ಎಂದು ಅವರಿಗೆ ಅನ್ನಿಸಿರಲಿಲ್ಲ. ಅವರು ಮುಚ್ಚಿಟ್ಟಿದ್ದರೆ ಜಗಳ ಮಾಡಬಹುದಿತ್ತು. ಅವರು ಮುಚ್ಚಿಟ್ಟಿರಲೂ ಇಲ್ಲ.

ಅಷ್ಟರಲ್ಲಿ ಮಾತು ಹಬ್ಬಿತ್ತು. ಹುಡುಗನಿಗೆ ಎರಡು ಕಡೆ ಲಗ್ನ ಗೊತ್ತಾಗಿದೆ ಎಂದು ಕೆಲವರು, ನಮ್ಮ ಹುಡುಗಿಯನ್ನು ಬಿಟ್ಟು ಬೇರೆಯವಳನ್ನು ಮಾಡಿಕೊಂಡರು ಎಂದು ಕೆಲವರು. ಅಪ್ಪ ಅಂಗಡಿ ಬಿಟ್ಟು ಮನೆಗೆ ಬಂದ. ಕಾಕಾ ಬಂದ. ಇಬ್ಬರೂ ಕೂತು, ಮಂದಿಗೆ ಏನು ಹೇಳುವುದು ಎಂದು ಸಂಜೆಯವರೆಗೆ ವಿಚಾರ ಮಾಡಿ, ಎರಡೂ ಹೆಸರು ಒಂದೇ ಹುಡುಗಿಯವು ಎಂದು ಎಲ್ಲರಿಗೂ ಫೋನು ಮಾಡಿ ತಿಳಿಸುವುದೆಂದು ತೀರ್ಮಾನಿಸಿದರು. ಅಲ್ಲಿಗೆ ಸಮಸ್ಯೆ ಮುಗಿಯಿತು ಎಂಬಂತೆ ಚಹಾ ಕೇಳಿದರು. ನನಗೆ ಆ ಹೆಸರು ಬೇಡ ಎಂದು ನಾನು ಹೇಳಿದೆ. ಅಪ್ಪ, ಅದು ಗಂಡಿನ ಮನೆಯ ಪದ್ಧತಿ, ನಾವು ಕೇಳುವಂಥದ್ದಲ್ಲ ಎಂದ.

ಅವ್ವ ಒಳಗೆ ಕರೆದು, ತನಗೂ ಒಂದು ಹೆಸರು ಇಟ್ಟಿದ್ದರು ಎಂದಳು. ನನಗೆ ಗೊತ್ತಿರಲಿಲ್ಲ. ಏನು ಹೆಸರು ಎಂದು ಕೇಳಿದರೆ ನಕ್ಕಳು. “ನಿಮ್ಮ ಅಜ್ಜಿ ಒಬ್ಬಾಕೇ ಕರೀತಿದ್ಲು. ಆಕಿ ಹೋದ ಮ್ಯಾಲ ಅದೂ ಹೋತು. ನೀನೂ ಹಂಗ ಇರು.” ಹಾಗೆಯೇ ಇರುವುದು ಎಂದರೆ ಒಬ್ಬರು ಸಾಯುವವರೆಗೆ ಕಾಯುವುದು ಎಂದು ನನಗೆ ಅರ್ಥವಾಯಿತು.

ಭಾನುವಾರ, ಕುಪ್ಪಸ ಹೊಲಿಯಲು ಕೊಟ್ಟು ಬರುತ್ತೇನೆಂದು ಹೇಳಿ ಬ್ಯಾಡಗಿಯ ಬಸ್ಸು ಹತ್ತಿದೆ. ಲಗ್ನಕ್ಕೆ ಮೊದಲು ಹುಡುಗಿ ಒಬ್ಬಳೇ ಗಂಡಿನ ಮನೆಗೆ ಹೋಗುವುದಿಲ್ಲ. ಅದು ನನಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತಾಗ ಅತ್ತೆ ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದರು. ನನ್ನನ್ನು ನೋಡಿ, ಆಮೇಲೆ ನನ್ನ ಹಿಂದೆ ನೋಡಿದರು.

“ಒಬ್ಬಾಕೇ ಬಂದಿಯೇನವಾ?”

ಹೌದೆಂದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ, ನೀರು ಕೊಟ್ಟು, ಮತ್ತೆ ರಾಶಿಯ ಮುಂದೆ ಕೂತರು. ನಮ್ಮ ಕಾರ್ಡು, ಮಾಮಾನಿಂದ ತರಿಸಿಕೊಂಡಿದ್ದ ಅವರ ಕಾರ್ಡು, ಎರಡನ್ನೂ ಅವರ ಮುಂದಿಟ್ಟೆ. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಅಳುತ್ತಿದ್ದೇನೆಂದು ಅವರು ತಿಳಿಯುತ್ತಾರೇನೋ ಎಂದು ಅದೊಂದು ಕಿರಿಕಿರಿ. ಅತ್ತೆ ತಮ್ಮ ಮನೆಯ ಕಾರ್ಡನ್ನು ಹಾಗೇ ಬಿಟ್ಟರು. ನಮ್ಮ ಮನೆಯ ಕಾರ್ಡನ್ನು ಎರಡು ಬೆರಳಿನಿಂದ ಎತ್ತಿ, ಬರಹ ಕಾಣದಂತೆ ಕವುಚಿ ಇಟ್ಟರು.

“ಅದು ನಮ್ಮ ಅತ್ತಿಯವರ ಹೆಸರು,” ಎಂದರು.

“ಯಾವುದ್ರಿ?”

“ನಿಂದು.”

ಆಮೇಲೆ ಅವರು ನಿಧಾನವಾಗಿ, ಕೈಯ ಕೆಲಸ ನಿಲ್ಲಿಸದೆ ಹೇಳಿದ್ದು ಇದು. ಸೊಸೆ ಅನ್ನಬಾರದೆಂದು, ಈ ಮನೆಗೆ ಬಂದಾಗಿನಿಂದ ತಮ್ಮ ಅತ್ತೆಯ ಹೆಸರನ್ನು ಅವರು ಬಾಯಲ್ಲಿ ತಂದಿಲ್ಲ. ಅತ್ತೆ ತೀರಿಹೋಗಿ ವರ್ಷಗಳಾದರೂ ತಂದಿಲ್ಲ. ಮತದಾರರ ಪಟ್ಟಿಯವರು ಬಂದರೆ ಮಗನನ್ನು ಮುಂದೆ ಮಾಡುತ್ತಿದ್ದರು. ಒಮ್ಮೆ ಅತ್ತೆಯನ್ನು ದವಾಖಾನೆಗೆ ಸೇರಿಸುವಾಗ ಜೊತೆಗೆ ಯಾರೂ ಇರಲಿಲ್ಲ. ಪೇಷಂಟಿನ ಹೆಸರು ಕೇಳಿದರೆ ರೇಷನ್ ಕಾರ್ಡು ತೆಗೆದು ಅದರ ಮೇಲೆ ಬೆರಳಿಟ್ಟು ತೋರಿಸಿದರು. ಪಕ್ಕದ ಮನೆಯಲ್ಲಿ ಅದೇ ಹೆಸರಿನ ಹುಡುಗಿಯಿದ್ದಾಳೆ, ಅವಳನ್ನು ಇವತ್ತಿಗೂ ‘ಮೂಲಿಮನಿ ಹುಡುಗಿ’ ಎಂದೇ ಕರೆಯುತ್ತಾರೆ. ಅದಕ್ಕೇ ನಾನೂ ಆ ಹೆಸರನ್ನು ಇಲ್ಲಿ ಬರೆದಿಲ್ಲ. ಇದನ್ನು ಅತ್ತೆ ಓದಬಹುದು.

“ಈಗ ಅದಕ್ಕ ‘ಏ’ ಹಚ್ಚಿ ಕರೀಲೇನು?” ಎಂದರು ಅತ್ತೆ. “ನೀ ಹಾಲು ಉಕ್ಕಿಸಿದಿ ಅನ್ನು. ಆ ಹೆಸರು ಹಿಡದು ಬೈಲೇನು? ನನ್ನ ಕಡೆ ಆಗೂದಿಲ್ಲವಾ.”

ನಾನು ಹಿಂದಿನದನ್ನೆಲ್ಲ ನೆನಪು ಮಾಡಿಕೊಂಡೆ. ನೋಡಲು ಬಂದ ದಿನ ‘ಹುಡುಗೀನ ಕರೀರಿ’ ಎಂದಿದ್ದರು. ಫೋನಿನಲ್ಲಿ ‘ಆರಾಮಿದ್ದಿಯೇನವಾ’ ಎಂದಿದ್ದರು. ನಿಶ್ಚಯದ ದಿನ ಬಳೆ ತೊಡಿಸುವಾಗ ‘ಬಾ ಇಲ್ಲಿ’ ಎಂದಿದ್ದರು. ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ನಾನು ಗಮನಿಸಿರಲಿಲ್ಲ.

ನನ್ನನ್ನು ಅಳಿಸಿಹಾಕಲು ನಿಂತವರ ಜೊತೆ ಜಗಳ ಮಾಡಲು ಬಂದಿದ್ದೆ. ಇಲ್ಲಿ ಕೂತಿದ್ದವರು ಒಂದು ಶಬ್ದಕ್ಕೆ ಹೆದರಿದವರು. ಸಿಟ್ಟು ಇಳಿಯಲಿಲ್ಲ, ಅದನ್ನು ಇಡುವ ಜಾಗ ಮಾತ್ರ ತಪ್ಪಿಹೋಯಿತು. ಈ ಕಾರಣವನ್ನು ಯಾರೂ ನನಗೆ ಹೇಳಿರಲಿಲ್ಲ. ಅಜ್ಜಿಯ ಹೆಸರು ಗೊತ್ತಿದ್ದ ಮಗನೂ ಇದನ್ನು ಪದ್ಧತಿ ಎಂದಷ್ಟೇ ತಿಳಿದಿದ್ದರು, ಯಾಕೆಂದು ಕೇಳಿರಲಿಲ್ಲ.

ಲಗ್ನದ ದಿನ ಸಂಜೆ, ಸೊಸೆಯನ್ನು ಮನೆ ತುಂಬಿಸಿಕೊಂಡ ಮೇಲೆ, ತಾಟಿನಲ್ಲಿ ಅಕ್ಕಿ ಹರಡಿ ಗಂಡನ ಕೈಯಿಂದ ಹೊಸ ಹೆಸರು ಬರೆಸುತ್ತಾರೆ. ಎಲ್ಲರೂ ಓದುತ್ತಾರೆ. ಅಲ್ಲಿಂದ ಮುಂದೆ ಅವಳು ಅದೇ. ನಾನು ಅದರ ಬಗ್ಗೆಯೇ ಕೇಳಿದೆ.

“ನೀವು ನನ್ನ ಹೆಸರು ಅನಬ್ಯಾಡ್ರಿ. ಏನರ ಕರೀರಿ, ಬರ್ತೇನಿ. ಆದ್ರ ಅಕ್ಕಿಯೊಳಗ ಬ್ಯಾರೆ ಹೆಸರು ಬರಸಬ್ಯಾಡ್ರಿ. ಅದಕ್ಕ ನಾ ಓ ಅನ್ನೂದಿಲ್ಲ.”

ಅತ್ತೆ ಇನ್ನೊಂದು ಹಿಡಿ ಮೆಣಸಿನಕಾಯಿಯನ್ನು ಮುಂದೆ ಎಳೆದುಕೊಂಡರು. ಸೊಸೆಯ ಹೆಸರೇನು ಎಂದು ಮಂದಿ ಕೇಳಿದರೆ ತಾವು ಏನು ಹೇಳಬೇಕು ಎಂದರು. ನಿಮ್ಮ ಮಗ ಹೇಳಲಿ ಎಂದೆ. “ನೋಡೂಣು ತಗೋ,” ಎಂದು ಎದ್ದು, ಒಂದು ಚೀಲದಲ್ಲಿ ಮೆಣಸಿನಕಾಯಿ ತುಂಬಿ ಕೈಗೆ ಕೊಟ್ಟರು. ಅದು ಹೌದೋ ಅಲ್ಲವೋ ಬಸ್ಸಿನಲ್ಲಿ ವಿಚಾರ ಮಾಡುತ್ತ ಬಂದೆ, ತಿಳಿಯಲಿಲ್ಲ. ಹುಡುಗನಿಗೂ ಅದೇ ಮಾತು ಹೇಳಿದೆ. ತಮ್ಮ ಅವ್ವ ಹೇಗೆ ಹೇಳುತ್ತಾಳೋ ಹಾಗೆ ಎಂದರು. ಊರೂರಿನ ಹೊಲದ ಬದು ಅಳೆದು ಕೊಡುವ ಮನುಷ್ಯ.

ಲಗ್ನದ ದಿನ ಮಂಟಪದ ಬಾಗಿಲಲ್ಲಿ ಹೂವಿನಿಂದ ಹೆಸರು ಬರೆಸುವುದಿತ್ತು. ಹೂವಿನವನಿಗೆ ನಾನು ಒಂದು ಹೆಸರು ಹೇಳಿದ್ದೆ. ಕಾಕಾ ಮಂದಿಗೆ ಗೊಂದಲವಾಗಬಾರದೆಂದು ಎರಡೂ ಹೆಸರು ಹೇಳಿದ್ದ. ಹೂವಿನವನು ಯಾರ ಸಿಟ್ಟೂ ಬೇಡವೆಂದು ವರನ ಹೆಸರನ್ನು ಪೂರ್ತಿ ಬರೆದು, ಅದರ ಮಗ್ಗುಲಿಗೆ ‘ವಧು’ ಎಂದು ಬರೆದಿದ್ದ. ನಾನು ಅದರ ಕೆಳಗಿನಿಂದಲೇ ಒಳಗೆ ಹೋದೆ. ಊಟದಲ್ಲಿ ಲಾಡು ಇತ್ತು.

ಸಂಜೆ ಬ್ಯಾಡಗಿಯ ಮನೆಯಲ್ಲಿ ತಾಟು ಬಂತು. ಪಡಸಾಲೆಯ ತುಂಬ ಹೆಂಗಸರು. ಮಾವನವರ ಅಕ್ಕ, ಎಲ್ಲರಿಗಿಂತ ಹಿರಿಯರು, ತಾಟನ್ನು ನಮ್ಮಿಬ್ಬರ ನಡುವೆ ಇಟ್ಟು ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿದರು. ನನ್ನ ಗಂಡನ ಕೈಗೆ ಅರಿಶಿಣದ ಕೊಂಬು ಕೊಟ್ಟರು. ಎರಡು ಹೆಸರುಗಳ ಮೊದಲ ಅಕ್ಷರಗಳು ಬೇರೆ ಬೇರೆ, ಮೊದಲ ಗೆರೆ ನೋಡಿದರೆ ಸಾಕು, ಗೊತ್ತಾಗುತ್ತಿತ್ತು. ಅವರು ಕೊಂಬನ್ನು ಅಕ್ಕಿಯ ಮೇಲೆ ಹಿಡಿದು ಬರೆಯದೆ ನಿಂತರು. ನನ್ನನ್ನು ನೋಡಲಿಲ್ಲ. ತಲೆ ಎತ್ತಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ತಾಯಿಯನ್ನು ನೋಡಿದರು. ನಾನೂ ನೋಡಿದೆ.

“ಆಕಿ ಹೆಸರ ಬರಿ,” ಎಂದರು ಅತ್ತೆ. “ಬರಿಯಾಕ ನಿನಗೇನು? ಅನ್ನಬೇಕಾದಾಕಿ ನಾ.”

ಅವರು ಬರೆದರು. ಮೊದಲ ಗೆರೆ ನನ್ನದಾಗಿತ್ತು. ಅಕ್ಷರಗಳು ಸೊಟ್ಟಗಿದ್ದವು, ಒಂದು ಒತ್ತು ಅಕ್ಕಿ ಜಾರಿ ಅರ್ಧ ಮುಚ್ಚಿಹೋಯಿತು, ಆದರೂ ಓದಬಹುದಿತ್ತು. ಮಾವನವರ ಅಕ್ಕ ಬಗ್ಗಿ, ಪಡಸಾಲೆಯ ಕೊನೆಯವರಿಗೂ ಕೇಳುವಂತೆ ಅದನ್ನು ಗಟ್ಟಿಯಾಗಿ ಓದಿದರು. ಅದು ಅವರ ತಾಯಿಯ ಹೆಸರು, ಅವರಿಗೆ ಅನ್ನಲು ಅಡ್ಡಿಯಿರಲಿಲ್ಲ. ಎರಡನೇ ಸಲವೂ ಓದಿದರು. ಆ ಶಬ್ದ ಬಿದ್ದ ಕೂಡಲೇ ಬಾಗಿಲಲ್ಲಿದ್ದ ಅತ್ತೆ ನೆಟ್ಟಗೆ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಯೋಚಿಸಿ ಮಾಡಿದ್ದಲ್ಲ, ಕೈ ತಾನೇ ಹೋಯಿತು.

“ನಮ್ಮವ್ವ ಮತ್ತ ಮನಿಗೆ ಬಂದ್ಲು ನೋಡು,” ಎಂದರು ಮಾವನವರ ಅಕ್ಕ, ಅತ್ತೆಯ ಕಡೆ ತಿರುಗಿ. “ಇನ್ನ ಹುಷಾರಾಗಿರು ನೀ.”

ಹೆಂಗಸರೆಲ್ಲ ನಕ್ಕರು. ಅತ್ತೆ ನಗಲಿಲ್ಲ, ಸೆರಗನ್ನೂ ತೆಗೆಯಲಿಲ್ಲ. ಒಳಗೆ ಹೋಗಿ ಹಾಲು ತಂದರು.

ಅವರು ನನ್ನನ್ನು ‘ರಾಣೇಬೆನ್ನೂರಾಕಿ’ ಎಂದು ಕರೆಯುತ್ತಾರೆ. ಚಹಾ ಆದರೆ ರಾಣೇಬೆನ್ನೂರಾಕಿ, ಹಾಲು ಉಕ್ಕಿದರೂ ರಾಣೇಬೆನ್ನೂರಾಕಿ. ನಾನು ಓ ಎನ್ನುತ್ತೇನೆ. ಅವರ ಕಡೆಯ ನೆಂಟರಲ್ಲಿ ಅರ್ಧ ಮಂದಿ ತಮಗೆ ಬಂದ ಕಾರ್ಡಿನ ಹೆಸರಿನಿಂದ ಕರೆಯುತ್ತಾರೆ. ಆ ಹೆಸರಿಗೆ ನಾನು ತಿರುಗದಿದ್ದರೆ ಸೊಸೆಗೆ ಕಿವಿ ಮಂದ ಎಂದುಕೊಳ್ಳುತ್ತಾರೆ. ಒಂದಿಬ್ಬರು, ಆ ಇನ್ನೊಬ್ಬ ಹುಡುಗಿಯ ಲಗ್ನ ಮುರಿದದ್ದು ಯಾಕೆ ಎಂದು ಅಪ್ಪನನ್ನೇ ಕೇಳಿದ್ದಾರಂತೆ. ನನ್ನ ಗಂಡ ಮಾತ್ರ ನನ್ನ ಹೆಸರು ಹಿಡಿದೇ ಕರೆಯುತ್ತಾರೆ, ಅದೂ ಮಾಳಿಗೆಯ ಮೇಲಿನಿಂದ, ಹೊಲದಲ್ಲಿ ಆಳನ್ನು ಕರೆದಂತೆ ಗಟ್ಟಿಯಾಗಿ. ಕೆಳಗೆ ರೊಟ್ಟಿ ಬಡಿಯುತ್ತಿರುವ ಅತ್ತೆ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಿಂದಲೇ ಸೆರಗು ಎಳೆದುಕೊಳ್ಳುತ್ತಾರೆ. ಮೆಲ್ಲಗೆ ಕರೆಯಿರಿ ಎಂದು ಎಷ್ಟು ಸಲ ಹೇಳಿದ್ದೇನೆ. ಹೂಂ ಎನ್ನುತ್ತಾರೆ, ಮರೆಯುತ್ತಾರೆ.