ಎದುರುಮನೆ ಅಣ್ಣನ ಸ್ಪ್ಯಾನಿಶ್ ಮಗ್ಗಿ

ಲವಂಗದ ಎಣ್ಣೆಯ ವಾಸನೆ. ಅರಸೀಕೆರೆಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ದವಡೆ ಹಲ್ಲೊಂದು ಹುಳುಕಾಗಿ, ಕೀಳಿಸದೆ ಬೇರೆ ದಾರಿಯಿರಲಿಲ್ಲ. ಡಾಕ್ಟರು ಹತ್ತಿಯ ಉಂಡೆಯೊಂದನ್ನು ಎಣ್ಣೆಯಲ್ಲಿ ಅದ್ದಿ ಒಸಡಿಗೆ ಒತ್ತಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ಇಪ್ಪತ್ತೈದು ವರ್ಷದ ಹಿಂದಿನ ಹಳೇಬೀಡಿನ ಒಂದು ನಡುಮನೆ ಕಣ್ಣೆದುರು ಬಂತು. ಅಲ್ಲಿ ಒಬ್ಬರು ಬಾಯೊಳಗೆ ಇಂಥದೇ ಹತ್ತಿ ಇಟ್ಟುಕೊಂಡು, ಊದಿದ ಮುಖದಲ್ಲಿ ಒಂದೇ ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದರು. ನಮ್ಮ ಎದುರುಮನೆಯ ಅಣ್ಣ.

ಆ ದಿನದ ಸಂಗತಿಯನ್ನು ನಾನು ಕೆಲವರಿಗೆ ಹೇಳಿದ್ದೇನೆ. ಹೆಂಡತಿಗೆ ಎರಡು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಕಥೆ ಚೆನ್ನಾಗಿಯೇ ಬಂದಿದೆ, ನನಗೆ ಅನುಮಾನ ಇರುವುದೂ ಅಲ್ಲೇ. ಚೆನ್ನಾಗಿ ಬಂದ ಕಥೆಯಲ್ಲೆಲ್ಲ ನಾನು ಜಗಳ ಬಿಡಿಸಲು ಹೋದವನು. ಈ ಸಲ ಹಾಗೆ ಹೇಳುವುದಿಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಆಗ ನಾವಿಬ್ಬರೂ ಹಳೇಬೀಡಿನ ದೇವಸ್ಥಾನದ ಗೇಟಿನಲ್ಲಿ ಗೈಡುಗಳು. ಸರ್ಕಾರದ ಬಿಲ್ಲೆ ಇದ್ದವರಲ್ಲ. ಒಂದು ಕಡ್ಡಿ, ಒಂದಿಷ್ಟು ಇಂಗ್ಲಿಷು, ಇಸ್ತ್ರಿ ಮಾಡಿದ ಅಂಗಿ, ಇಷ್ಟೇ ನಮ್ಮ ಬಂಡವಾಳ. ಹತ್ತು ಹನ್ನೆರಡು ಮಂದಿ ಇದ್ದೆವು. ಬೆಳಿಗ್ಗೆ ಬಂದವರು ಬಂದ ಹಾಗೆ ಗೇಟಿನ ಪಕ್ಕದ ಮೋಟುಗೋಡೆಯ ಮೇಲೆ ತಮ್ಮ ತಮ್ಮ ಕಲ್ಲನ್ನು ಸಾಲಾಗಿ ಇಡಬೇಕು. ಎಲ್ಲವೂ ಬಳಪದ ಕಲ್ಲಿನ ತುಂಡುಗಳೇ, ಆದರೆ ಒಬ್ಬೊಬ್ಬರದು ಒಂದೊಂದು ಆಕಾರ. ಬಸ್ಸು ಬಂದರೆ ಸಾಲಿನ ಮೊದಲ ಕಲ್ಲಿನವನು ಅದಕ್ಕೆ ಗೈಡು. ತೋರಿಸಿ ಬಂದ ಮೇಲೆ ತನ್ನ ಕಲ್ಲನ್ನು ಸಾಲಿನ ಕೊನೆಗೆ ಇಡಬೇಕು. ಇದಕ್ಕೆ ಕಲ್ಲಿನ ಪಾಳಿ ಅನ್ನುತ್ತಿದ್ದೆವು. ನನ್ನ ಕಲ್ಲು ಶಿಲ್ಪಿಯೊಬ್ಬ ಅರ್ಧಕ್ಕೆ ಕೆತ್ತಿ ಎಸೆದಿದ್ದ ಆನೆಯ ತಲೆ. ಸೊಂಡಿಲು ಮುರಿದಿತ್ತು, ಮುರಿದ ಜಾಗ ಚೂಪಾಗಿತ್ತು.

ಪಾಳಿ ತಪ್ಪಿಸಿದವನಿಗೆ ಒದೆ ಬೀಳುತ್ತಿತ್ತು. ಒಬ್ಬನ ಬೆರಳನ್ನು ಬೂಟುಗಾಲಿನಲ್ಲಿ ತುಳಿದು ಮುರಿದಿದ್ದರು. ಇನ್ನೊಬ್ಬನನ್ನು ಕೆರೆಯ ನೀರಿನಲ್ಲಿ ಉಸಿರು ಕಟ್ಟುವವರೆಗೆ ಅದುಮಿ ಹಿಡಿದು ಮೇಲೆತ್ತಿದ್ದರು. ಹೊಡೆದವನು ಮುಖ ತೊಳೆದು, ತಲೆ ಬಾಚಿ, ಅದೇ ಕೈಯಲ್ಲಿ ಕಡ್ಡಿ ಹಿಡಿದು ಒಳಗೆ ಹೋಗಿ, ಮೆಲುದನಿಯ ಇಂಗ್ಲಿಷಿನಲ್ಲಿ ನರಸಿಂಹ ಕರುಳು ಬಗೆಯುವುದನ್ನು ತೋರಿಸುತ್ತಿದ್ದ. ರಾಜಲಾಂಛನದ ಕಥೆಯನ್ನಂತೂ ಎಲ್ಲರೂ ಹೇಳುತ್ತಿದ್ದೆವು. ಮೃಗ ಮೇಲೆ ಬೀಳಲು ಬರುತ್ತದೆ, ಗುರು ‘ಹೊಯ್ ಸಳ’ ಎನ್ನುತ್ತಾನೆ, ಶಿಷ್ಯ ಒಂದೇ ಏಟಿಗೆ ಕೊಲ್ಲುತ್ತಾನೆ. ಆ ಎರಡು ಪದವನ್ನು ದನಿಯೆತ್ತಿ ಕೂಗಬೇಕು, ಪ್ರವಾಸಿಗಳು ಬೆಚ್ಚಬೇಕು, ಆಮೇಲೆ ನಗಬೇಕು. ನನ್ನ ಕೂಗು ಎಲ್ಲರಿಗಿಂತ ಚೆನ್ನಾಗಿದೆ ಎಂದು ಹೆಸರಾಗಿತ್ತು.

ಪಾಳಿಗೆ ಒಂದೇ ವಿನಾಯಿತಿ. ಬಂದವರ ಭಾಷೆಯನ್ನೇ ಬಲ್ಲವನಿದ್ದರೆ ಬಸ್ಸು ಅವನದು. ಆದರೆ ಇಂಗ್ಲಿಷು ದಾಟಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಎದುರುಮನೆಯ ಅಣ್ಣ ಈ ವಿನಾಯಿತಿಗೇ ಕೈಹಾಕಿದರು. ಬೇಲೂರಿನ ಲಾಡ್ಜೊಂದರಲ್ಲಿ ಯಾರೋ ಬಿಟ್ಟುಹೋಗಿದ್ದ, ಇಂಗ್ಲಿಷಿನ ಮೂಲಕ ಸ್ಪ್ಯಾನಿಶ್ ಕಲಿಸುವ ಪುಸ್ತಕ ಅವರ ಕೈಗೆ ಸಿಕ್ಕಿತ್ತು. ಸಂಜೆ ಅವರ ಜಗಲಿಯ ಮೇಲೆ ಕೂರುತ್ತಿದ್ದೆವು. ಪುಸ್ತಕ ನನ್ನ ಕೈಯಲ್ಲಿರುತ್ತಿತ್ತು, ಅವರು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದರು. ಎಲ್ಲ ಪುಸ್ತಕಗಳಲ್ಲಿ ಇರುವಂತೆ ಅದರಲ್ಲೂ ಮೊದಲ ಕ್ರಿಯಾಪದ ‘ಆಬ್ಲಾರ್’. ಮಾತಾಡುವುದು ಎಂದು ಅರ್ಥ. ಆಬ್ಲೊ, ನಾನು ಮಾತಾಡುತ್ತೇನೆ. ಆಬ್ಲಾಸ್, ನೀನು ಮಾತಾಡುತ್ತೀಯ. ಆಬ್ಲಾ, ಆಬ್ಲಾಮೋಸ್, ಆಬ್ಲಾಯಿಸ್, ಆಬ್ಲಾನ್...

ಅಣ್ಣ ಕಲಿತದ್ದು ಶಾಲೆಯಲ್ಲಿ ಮಗ್ಗಿ ಕಲಿತ ರೀತಿಯಲ್ಲಿ. ಎರಡರ ಮಗ್ಗಿ ಪೂರ್ತಿ ಬಾರದೆ ಮೂರಕ್ಕೆ ಹೋಗಬಾರದು ಎಂದು ಅವರ ಮೇಷ್ಟ್ರು ಬೆತ್ತದಲ್ಲಿ ಕಲಿಸಿದ್ದರಂತೆ. ಹಾಗಾಗಿ ಆಬ್ಲಾರ್ ಎಲ್ಲ ಕಾಲಗಳಲ್ಲೂ ಬಾರದೆ ಅವರು ಹಾಳೆ ತಿರುಗಿಸಲು ಒಪ್ಪಲಿಲ್ಲ. ನೀರು, ಕಲ್ಲು, ಆನೆ ಇವಕ್ಕೆ ಏನೆನ್ನುತ್ತಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಆದರೆ ನಿನ್ನೆ ಮಾತಾಡಿದ್ದು, ಹಿಂದೆ ಮಾತಾಡುತ್ತಿದ್ದುದು, ನಾಳೆ ಮಾತಾಡುವುದು ಎಲ್ಲ ಬಾಯಿಗೆ ಬರುತ್ತಿತ್ತು. ಆಬ್ಲೇ ಎಂದರೆ ಒಂದು ಸಲ ಮಾತಾಡಿದೆ, ಅದು ಮುಗಿಯಿತು. ಆಬ್ಲಾಬಾ ಎಂದರೆ ಮಾತಾಡುತ್ತಿದ್ದೆ, ಅದು ಎಲ್ಲಿ ಮುಗಿಯಿತೋ ತಿಳಿಯದು. ಇನ್ನೊಂದು ರೂಪವಿತ್ತು, ಆಸೆಗೆ, ಭಯಕ್ಕೆ, ಅನುಮಾನಕ್ಕೆ ಬಳಸುವಂಥದ್ದು. ಅದಕ್ಕೆ ಬಂದಾಗ ಅಣ್ಣ ತೊಡೆ ತಟ್ಟಿಕೊಂಡರು.

“ಇದು ನಮ್ಮಲ್ಲೂ ಐತೆ ಕಣೋ! ಮಾತಾಡಲಿ, ಮಾತಾಡಿಯಾನು, ಮಾತಾಡಿದ್ರೆ... ಆಗ್ದೇ ಇರೋದ್ಕೂ ಒಂದ್ ಮಾತು ಇಟ್ಟವ್ರೆ ನೋಡು.”

ನವೆಂಬರೋ ಡಿಸೆಂಬರೋ, ಮೊದಲ ಸ್ಪೇನ್ ಬಸ್ಸು ಬಂತು. ಅಣ್ಣ ತಮ್ಮ ವಿನಾಯಿತಿ ಕೇಳಿದರು. ನಮ್ಮಲ್ಲಿ ದೊಡ್ಡ ದನಿಯವನೊಬ್ಬನಿದ್ದ, ಎಲ್ಲರೂ ಅವನಿಗೆ ಹೆದರುತ್ತಿದ್ದೆವು. ದಪ್ಪ ಮೀಸೆಯವನು. ಅವನು ಅಡ್ಡ ನಿಂತ.

“ಏನ್ಲಾ, ನಿಂಗೆ ಸ್ಪ್ಯಾನಿಶ್ ಬತ್ತದಾ? ಎಲ್ಲಿ, ಒಪ್ಸು ನೋಡಾನ.”

ಅಣ್ಣ ಕೈಕಟ್ಟಿ ನಿಂತು ಒಪ್ಪಿಸಿದರು. ವರ್ತಮಾನದಿಂದ ಶುರುಮಾಡಿ ಕೊನೆಯ ಅನುಮಾನದ ರೂಪದವರೆಗೆ ಎಲ್ಲೂ ತಡವರಿಸಲಿಲ್ಲ.

“ಹದಿನೇಳರ ಮಗ್ಗಿ ಹೇಳ್ದಂಗೆ ಹೇಳ್ಬುಟ್ಟ ಕಣ್ರಲಾ!” ಎಂದ ಮೀಸೆಯವನು, ನಿಜವಾಗಿಯೂ ಬೆರಗಾಗಿ. “ಮಗ್ಗಿ ಬಂದೋನ್ಗೆ ಲೆಕ್ಕ ಬರಾಕಿಲ್ವಾ? ಬುಡಿ, ಸ್ಪೇನ್‌ನೋರೆಲ್ಲ ಇವ್ನಿಗೇ.”

ಅಣ್ಣ ನನ್ನತ್ತ ನೋಡಿದರು. ನಾನು ನಗು ನುಂಗಿಕೊಂಡು ಕಲ್ಲುಗಳ ಕಡೆ ಮುಖ ಮಾಡಿದೆ. ಒಳಗೆ ಅವರು ಇಂಗ್ಲಿಷಿನಲ್ಲೇ ಸಂಭಾಳಿಸಿದರು. ನಡುನಡುವೆ ಒಂದೊಂದು ‘ಆಬ್ಲಾಮೋಸ್’ ಎಸೆದರೆ ಪ್ರವಾಸಿಗಳು ಚಪ್ಪಾಳೆ ತಟ್ಟುತ್ತಿದ್ದರಂತೆ. ಎರಡನೆಯ ಬಸ್ಸೂ ಹಾಗೇ ಹೋಯಿತು.

ಮೂರನೆಯದು ಬಂದಾಗ ಸಾಲಿನ ಮೊದಲ ಕಲ್ಲು ನನ್ನದು. ಹಿಂದಿನ ದಿನವಿಡೀ ಕಾದು ಒಂದು ಬಸ್ಸೂ ದಕ್ಕಿರಲಿಲ್ಲ. ಅಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಲ್ಲು ಇಟ್ಟಿದ್ದೆ. ಅಣ್ಣ ಎದ್ದು ಬಂದು ನನ್ನ ಹೆಗಲು ತಟ್ಟಿದರು.

“ಬೇಜಾರ್ ಮಾಡ್ಕಬ್ಯಾಡ ಕಣೋ. ಸ್ಪೇನ್‌ನೋರು.”

ಆ ತಟ್ಟುವಿಕೆಯನ್ನು ನನಗೆ ಸಹಿಸಲಾಗಲಿಲ್ಲ. ಈಗಲೂ ಹೆಗಲ ಮೇಲೆ ಅದರ ಜಾಗ ತೋರಿಸಬಲ್ಲೆ. “ಬರೋದು ಒಂದ್ ಪದ, ಅದ್ಕೆ ಈ ಜಂಬ” ಎಂದು ಗೊಣಗಿದೆ. ಮೆಲ್ಲಗೆ ಗೊಣಗಿದೆ ಎಂದು ಹೆಂಡತಿಗೆ ಹೇಳಿದ್ದೆ. ಮೆಲ್ಲಗೆ ಗೊಣಗಿದ್ದರೆ ನಾಲ್ಕು ಮಾರು ದೂರದಲ್ಲಿದ್ದ ಮೀಸೆಯವನಿಗೆ ಹೇಗೆ ಕೇಳಿಸಿತು?

“ಏನಂದೆ? ಒಂದ್ ಪದನಾ?”

“ಹೂಂ. ‘ಮಾತಾಡು’ ಅನ್ನೋದೊಂದೇ. ಮಿಕ್ಕಿದ್ದೆಲ್ಲ ಅದ್ರದ್ದೇ ಬಾಲ.”

ಮೋಸ ಹೋದೆವು ಎಂಬುದಕ್ಕಿಂತ, ಮೋಸ ಹೋಗಿ ಬೆರಗಾಗಿದ್ದೆವು ಎಂಬುದು ಅವರನ್ನು ಉರಿಸಿತೆಂದು ತೋರುತ್ತದೆ. ಬಸ್ಸಿನವರು ಇನ್ನೂ ಇಳಿಯುತ್ತಿದ್ದರು. ಅಣ್ಣನನ್ನು ಕಾಲರು ಹಿಡಿದು ಚಪ್ಪಲಿ ಬಿಡುವ ಶೆಡ್ಡಿನ ಹಿಂದಕ್ಕೆ ಎಳೆದೊಯ್ದರು. ಮೀಸೆಯವನು ಹೋಗುವಾಗ ಗೋಡೆಯ ಕಡೆ ಕೈಚಾಚಿ, ಸಾಲಿನ ಮೊದಲ ಕಲ್ಲನ್ನು ಎತ್ತಿಕೊಂಡ. ನಾನೂ ಹಿಂದೆ ಹೋದೆ.

ಮೊದಲ ಹೊಡೆತ ಕಿವಿಗೆ. ಎರಡನೆಯದು ಹೊಟ್ಟೆಗೆ, ಮೊಣಕಾಲಿನಿಂದ. ಅಣ್ಣ ಕುಸಿದು ಕೂತರು. ಒಬ್ಬ ಕೂದಲು ಹಿಡಿದು ಮುಖ ಎತ್ತಿದ, ಇನ್ನೊಬ್ಬ ಪಕ್ಕೆಗೆ ಒದ್ದ. ಎಡಗಣ್ಣಿನ ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು.

“ಮಾತಾಡ್ಲಾ ಈಗ! ನಿನ್ ಸ್ಪ್ಯಾನಿಶಲ್ಲೇ ಮಾತಾಡು!”

ಅಣ್ಣ ಮಾತಾಡಿದರು. “ಆಬ್ಲೊ” ಎಂದರು. “ಆಬ್ಲಾಸ್” ಎಂದರು. ಒಂದು ಸಲ ಕಾಪಾಡಿದ ಮಗ್ಗಿ ಇನ್ನೊಂದು ಸಲವೂ ಕಾಪಾಡೀತು ಎಂದುಕೊಂಡಿದ್ದರೋ ಏನೋ. ಪ್ರತಿ ರೂಪಕ್ಕೂ ಒಂದು ಒದೆ ಬೀಳುತ್ತಿತ್ತು. ವರ್ತಮಾನ ಮುಗಿದು ಭೂತಕಾಲಕ್ಕೆ ಬಂದಿದ್ದರು. ಉಗುಳು ರಕ್ತದ ಜೊತೆ ಎಳೆಯಾಗಿ ಇಳಿಯುತ್ತಿತ್ತು, ಆದರೂ ಕ್ರಮ ತಪ್ಪಲಿಲ್ಲ. ಮೀಸೆಯವನು ನನ್ನ ಆನೆತಲೆಯ ಕಲ್ಲನ್ನು ಮೇಲೆತ್ತಿದ. ಎತ್ತಿದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಮರೆಯಬೇಕೆಂದು ಬಹಳ ಪ್ರಯತ್ನಪಟ್ಟದ್ದೂ ಇದನ್ನೇ. ಅವನ ಮುಖದಲ್ಲಿ ಅನುಮಾನವಿತ್ತು. ಕೈ ಕೆಳಗಿಳಿಯಬಹುದಿತ್ತು.

ಆಗ ಯಾರೋ ಕೂಗಿದರು. “ಹೊಯ್ ಸಳಾ!”

ಎಲ್ಲರೂ ನಕ್ಕರು. ಪ್ರವಾಸಿಗಳು ನಗುವ ಹಾಗೆಯೇ, ಬೆಚ್ಚಿ ಆಮೇಲೆ ನಕ್ಕರು. ಕಲ್ಲು ಕೆಳಗೆ ಬಂತು.

ಹಲ್ಲು ಮುರಿಯುವ ಸದ್ದು ತೆಂಗಿನ ಚಿಪ್ಪು ಒಡೆದ ಹಾಗೆ ಇರುತ್ತದೆ ಎಂದು ಹೆಂಡತಿಗೆ ಹೇಳಿದ್ದೆ. ಸುಳ್ಳು. ಸದ್ದು ಕೇಳಿಸಲೇ ಇಲ್ಲ, ನಗುವಿನಲ್ಲಿ ಮುಚ್ಚಿಹೋಯಿತು.

ಕೂಗಿದವನು ನಾನೇ ಎಂದು ಕೆಲವು ವರ್ಷ ನನಗೆ ಖಚಿತವಾಗಿತ್ತು. ಕೆಲವು ವರ್ಷ ಅಲ್ಲವೆಂದು ಖಚಿತವಾಗಿತ್ತು. ಕೂಗಿದೆ. ಕೂಗುತ್ತಿದ್ದೆ, ದಿನಕ್ಕೆ ನಾಲ್ಕು ಸಲ, ಬಾಯಿಗೆ ರೂಢಿಯಾಗಿತ್ತು. ಕೂಗಿರಬಹುದು. ಕೂಗದೆ ಇದ್ದಿದ್ದರೆ... ಹೀಗೆ ಎಲ್ಲ ರೂಪಗಳನ್ನೂ ಹೇಳಿಕೊಂಡು ನೋಡಿದ್ದೇನೆ.

ಗೇಟಿನ ಹತ್ತಿರ ಎಳನೀರು ಮಾರುತ್ತಿದ್ದ ಹೆಂಗಸು ಬಂದು ನೋಡಿ, “ಥೂ ನಿಮ್ ಮಕ ಮುಚ್ಚ, ಮನುಷ್ರೇನ್ರೋ ನೀವು?” ಎಂದು ಬೈಯುತ್ತ ಆಟೋ ಕರೆಸಿದಳು. ತನ್ನ ಸೆರಗಿನಿಂದಲೇ ಅಣ್ಣನ ಬಾಯಿ ಒತ್ತಿ ಹಿಡಿದು ಬೇಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ನಾನು ಹತ್ತಲಿಲ್ಲ. ಬಸ್ಸು ನನ್ನದಾಗಿತ್ತು.

ಕಡ್ಡಿ ತೆಗೆದುಕೊಂಡು ಹೋದೆ. ಬೆಳ್ಳಿಗೂದಲಿನ ಹೆಂಗಸೊಬ್ಬಳು ನಗುತ್ತ ನನ್ನನ್ನು ಕೇಳಿದಳು, “ಆಬ್ಲಾ ಎಸ್ಪಾನ್ಯೋಲ್?” ಸ್ಪ್ಯಾನಿಶ್ ಮಾತಾಡುತ್ತೀರಾ ಎಂದು. ಆ ಜನ ಕೇಳುವ ಮೊದಲ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಕೊಡಲು ಅಣ್ಣನಿಗೆ ಬರುತ್ತಿದ್ದ ಒಂದೇ ಪದ ಸಾಕಾಗಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ. ಒಂದು ಗಂಟೆ ತೋರಿಸಿದೆ. ಲಾಂಛನದ ಮುಂದೆ ನಿಂತಾಗ ಕೂಗಿದೆನೋ ಇಲ್ಲವೋ ನೆನಪಿಲ್ಲ.

ವಾಪಸು ಬಂದಾಗ ಕಲ್ಲು ಶೆಡ್ಡಿನ ಹಿಂದೆ ಮಣ್ಣಿನಲ್ಲಿ ಬಿದ್ದಿತ್ತು. ನಲ್ಲಿಯಲ್ಲಿ ತೊಳೆದೆ. ಮುರಿದ ಸೊಂಡಿಲಿನ ಸಂದಿಯಲ್ಲಿ ಅಂಟಿದ್ದನ್ನು ಉಗುರಿನಿಂದ ಕೆರೆದು ತೆಗೆದೆ. ತೊಳೆದ ಕಲ್ಲನ್ನು ಸಾಲಿನ ಕೊನೆಗೆ ಇಟ್ಟೆ. ಪಾಳಿ ಅಂದರೆ ಪಾಳಿ.

ಪೊಲೀಸಿನವರು ಕೇಳಿದ್ದಕ್ಕೆ ಅಣ್ಣ ಮೆಟ್ಟಿಲಲ್ಲಿ ಜಾರಿಬಿದ್ದೆ ಎಂದು ಸನ್ನೆ ಮಾಡಿ, ಅದನ್ನೇ ಬರೆದುಕೊಟ್ಟರು. ಮೂರನೆಯ ದಿನ ನಾನು ರಸ್ತೆ ದಾಟಿ ಅವರ ಮನೆಗೆ ಹೋದೆ. ನಡುಮನೆಯ ತುಂಬ ಲವಂಗದ ಎಣ್ಣೆಯ ವಾಸನೆ. ಮುಂದಿನ ನಾಲ್ಕು ಹಲ್ಲು ಇರಲಿಲ್ಲ, ತುಟಿಗೆ ಹೊಲಿಗೆ ಬಿದ್ದಿತ್ತು. ಹತ್ತಿ ತೆಗೆದು ಅವರು ಮಾತಾಡಿದಾಗ ಗಾಳಿಯೇ ಹೆಚ್ಚು ಬಂತು.

“ಅವತ್ತು ಒಬ್ಬ ಕೂಗ್ದ. ನಿಂಗೆ ಕೇಳುಸ್ತಾ?”

“ಇಲ್ಲಣ್ಣ.”

ತೆರೆದಿದ್ದ ಒಂದು ಕಣ್ಣು ನನ್ನ ಮೇಲಿಂದ ಕದಲಲಿಲ್ಲ. ಹೊರಗೆ ಬಸ್ಸೊಂದು ಹೋಯಿತು.

“ನಂಗೂ ಸರ್ಯಾಗ್ ಕೇಳುಸ್ಲಿಲ್ಲ ಬುಡು” ಎಂದರು. “ಕಾಫಿ ಕುಡ್ಕೊಂಡ್ ಹೋಗು.”

ಕುಡಿದೆ. ತಿಂಗಳೊಳಗೆ ಅವರು ಮನೆ ಖಾಲಿ ಮಾಡಿ ಅತ್ತಿಗೆಯ ತವರಿನ ಕಡೆ, ಹಾರನಹಳ್ಳಿಗೆ ಹೋದರು. ನಾನೂ ಮುಂದೆ ಗೈಡಿನ ಕೆಲಸ ಬಿಟ್ಟು ಅರಸೀಕೆರೆಗೆ ಬಂದು ಜೆರಾಕ್ಸ್ ಅಂಗಡಿ ಇಟ್ಟೆ. ಹಾರನಹಳ್ಳಿಗೆ ಇಲ್ಲಿಂದ ಬಹಳ ದೂರವೇನಿಲ್ಲ. ಒಂದು ಸಲವೂ ಹೋಗಲಿಲ್ಲ. ಹೋದ ವರ್ಷ ಅತ್ತಿಗೆ ಯಾವುದೋ ಕಾಗದ ಜೆರಾಕ್ಸ್ ಮಾಡಿಸಲು ನನ್ನ ಅಂಗಡಿಗೇ ಬಂದರು, ನನ್ನ ಗುರುತು ಹಿಡಿಯದೆ. ಮೆಷಿನ್ನಿನ ಗಾಜಿನ ಮೇಲೆ ಇಟ್ಟಾಗ ನೋಡಿದೆ. ಅಣ್ಣನ ಮರಣ ಪ್ರಮಾಣಪತ್ರ. ನಾನು ಯಾರೆಂದು ಹೇಳಿದೆ.

“ನೀನೇನಪ್ಪಾ?” ಎಂದರು ಅತ್ತಿಗೆ. “ಹಲ್ ಕಟ್ಟುಸ್ಕಳಿ ಅಂದ್ರೆ ಕಟ್ಟುಸ್ಕಳ್ಳಿಲ್ಲ ಕಣಪ್ಪ. ಅದೇನೋ ಮಗ್ಗಿ ಹೇಳ್ಕತಾ ಕೂರೋರು, ಕೊನೆವರ‍್ಗೂ. ಅರ್ಧಕ್ ನಿಲ್ಸೋರು. ಮುಂದಕ್ಕೇಳಿ ಅಂದ್ರೆ, ಮುಂದುಂದು ಎದುರುಮನೆ ಹುಡ್ಗನ್ ತಾವ ಐತೆ ಅನ್ನೋರು.”

ಪುಸ್ತಕ ನನ್ನಲ್ಲೇ ಉಳಿದಿತ್ತು. ಈಗಲೂ ಇದೆ.

ಡಾಕ್ಟರು ಹಲ್ಲು ಕಿತ್ತು ಟ್ರೇಗೆ ಹಾಕಿದರು. ಹತ್ತಿ ಕಚ್ಚಿ ಹಿಡಿಯಲು ಹೇಳಿ, “ಒಂದು ಗಂಟೆ ಮಾತಾಡ್ಬೇಡಿ ಸಾರ್” ಎಂದರು. ತಲೆಯಾಡಿಸಿ ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಹಾರನಹಳ್ಳಿಯ ಬಸ್ಸು ಬಂತು, ನಿಂತಿತು, ಹೋಯಿತು. ಮರಗಟ್ಟಿದ ತುಟಿಯಲ್ಲೇ ಹೇಳಿ ನೋಡಿದೆ. ಆಬ್ಲೊ ಎನ್ನಲಾಗಲಿಲ್ಲ. ಕನ್ನಡದಲ್ಲಿ ಹೇಳಿದೆ, ಭೂತಕಾಲದಲ್ಲಿ, ಮುಗಿದುಹೋದದ್ದಕ್ಕೆ ಹೇಳುವ ರೂಪದಲ್ಲಿ. ಅಣ್ಣಾ, ಕೂಗಿದವನು ನಾನು. ಬಾಯಿಂದ ಗಾಳಿಯೂ ಒಂದಿಷ್ಟು ರಕ್ತವೂ ಬಂದವು. ಪಕ್ಕದಲ್ಲಿ ಕೂತಿದ್ದವರು ಸ್ವಲ್ಪ ಆಚೆ ಸರಿದು ಕೂತರು.