ಮುಂದಿನ ಸಾಲಿನ ಬಾಟಲಿಗಳು

ನೀರು ಪರೀಕ್ಷೆ ಮಾಡುವವರ ಬಾಯಲ್ಲಿ ಒಳ್ಳೆಯ ಸುದ್ದಿ ಬರುವುದು ಅಪರೂಪ. ಜಯನಗರದ ಒಂದು ಚಿಕ್ಕ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ಅರೆಕೆರೆಯ ಅಪಾರ್ಟ್‌ಮೆಂಟಿನವರು ಬೋರ್‌ವೆಲ್ ನೀರು ತರುತ್ತಾರೆ, ಕೋಣನಕುಂಟೆಯ ನಮ್ಮ ಬೀದಿಯವರೇ ಸಂಪಿನ ನೀರು ತರುತ್ತಾರೆ. ಚರಂಡಿ ನೀರು ಸೇರಿದೆ ಎಂದು ಹೇಳಿದರೆ ನನ್ನನ್ನೇ ಬೈಯುತ್ತಾರೆ. "ಸ್ವಲ್ಪ ನೋಡಿ ಹಾಕಿ ಮೇಡಂ" ಎನ್ನುತ್ತಾರೆ ಕೆಲವರು, ತರಕಾರಿ ಕೊಂಡ ಮೇಲೆ ಎರಡೆಸಳು ಕರಿಬೇವು ಕೇಳುವ ಹಾಗೆ. ನಾನು ಒಂದು ಅಂಕಿಯನ್ನೂ ಹಾಗೆ ನೋಡಿ ಹಾಕಿದವಳಲ್ಲ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳಬೇಕು, ನನಗೆ ಅಷ್ಟು ತ್ರಾಣವಿಲ್ಲ.

ಎರಡು ವರ್ಷದ ಹಿಂದೆ, ದಸರೆ ಹತ್ತಿರ ಬಂದಿದ್ದಾಗ, ಇಲ್ಲೇ ಪಕ್ಕದ ಸಿದ್ದಾಪುರದ ಹುಡುಗಿಯೊಬ್ಬಳು ಥರ್ಮೋಕೋಲ್ ಡಬ್ಬ ಹೊತ್ತುಕೊಂಡು ನಮ್ಮ ಲ್ಯಾಬಿನ ಮೆಟ್ಟಿಲು ಹತ್ತಿ ಬಂದಳು. ದೂರದ ಊರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳಂತೆ. ಅಲ್ಲಿಯ ನೀರು ಪರೀಕ್ಷಿಸುವ ಯಂತ್ರ ಕೆಟ್ಟಿತ್ತು, ಅವಳ ಗೈಡಿಗೆ ನಮ್ಮ ಮಾಲೀಕರು ಹಳೆಯ ಪರಿಚಯ. ಡಬ್ಬ ತೆರೆದರೆ ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಗಳು, ಎಲ್ಲದರಲ್ಲೂ ಗಟ್ಟಿಯಾಗಿ ಹೆಪ್ಪುಗಟ್ಟಿದ ನೀರು.

"ಇದು ಯಾವ ಏರಿಯಾದ ನೀರಮ್ಮ?" ಎಂದು ಅಭ್ಯಾಸಬಲದಿಂದ ಕೇಳಿದೆ.

"ದಕ್ಷಿಣ ಧ್ರುವದ ಸಮುದ್ರದ್ದು ಮೇಡಂ."

ಆ ದಿನ ನನ್ನ ಮಂಡಿ ಬಹಳ ನೋಯುತ್ತಿತ್ತು. ಆದರೂ ನಕ್ಕುಬಿಟ್ಟೆ.

ನಮ್ಮ ಯಂತ್ರದ ದೀಪ ಹೋಗಿ ಹೊಸದು ಬರುವುದರಲ್ಲಿತ್ತು, ಪರೀಕ್ಷೆ ಹಬ್ಬ ಕಳೆದ ಮೇಲೆಯೇ ಎಂದಾಯಿತು. ಅಲ್ಲಿಯವರೆಗೂ ಅವಳು ದಿನಾ ಬಂದು ಫ್ರೀಜರ್ ಇಣುಕಿ ನೋಡಿಕೊಂಡು ಹೋಗುತ್ತಿದ್ದಳು. ಮಧ್ಯಾಹ್ನ ನನ್ನ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಾ ಅಲ್ಲಿಯ ಮಂಜುಗಡ್ಡೆಯ ವಿಷಯ ಹೇಳುತ್ತಿದ್ದಳು. ಮೂರನೆಯ ದಿನಕ್ಕೆ ನಾನು ಮೇಡಂ ಹೋಗಿ ಆಂಟಿ ಆದೆ.

ಸಮುದ್ರ ಹೆಪ್ಪುಗಟ್ಟುವಾಗ ಉಪ್ಪು ಮಂಜಿನೊಳಗೆ ಸೇರುವುದಿಲ್ಲವಂತೆ. ಅದು ಕೂದಲೆಳೆಯಂಥ ಕಾಲುವೆಗಳಲ್ಲಿ ಕಡು ಉಪ್ಪುನೀರಾಗಿ ಉಳಿಯುತ್ತದೆ. ಗಿಡಕ್ಕೆ ಗೊಬ್ಬರದಲ್ಲಿ ಸಿಗುವ ನೈಟ್ರೇಟ್, ಫಾಸ್ಫೇಟ್ ಎಲ್ಲ ಇರುವುದು ಆ ಕಾಲುವೆಗಳಲ್ಲೇ. ಮಂಜಿನ ತಳದಲ್ಲಿ ಅದನ್ನು ತಿಂದು ಪಾಚಿ ಬೆಳೆಯುತ್ತದೆ.

"ಪಾಚಿ ಸತ್ತ ಮೇಲೆ?" ಎಂದೆ.

"ಬ್ಯಾಕ್ಟೀರಿಯಾ ಅದನ್ನ ಕೊಳೆಸತ್ತೆ ಆಂಟಿ. ತಿಂದಿದ್ದೆಲ್ಲ ವಾಪಸ್ ಅದೇ ನೀರಿಗೆ ಬರತ್ತೆ. ಮತ್ತೆ ಹೊಸ ಪಾಚಿ ತಿನ್ನತ್ತೆ. ಬೇಸಿಗೇಲಿ ಮಂಜು ಕರಗಿದಾಗ ಮಿಕ್ಕಿದ್ದು ಸಮುದ್ರಕ್ಕೆ. ಹಿಂಗೇ ಸುತ್ತುತ್ತಾ ಇರತ್ತೆ."

"ಬೆಳಿಗ್ಗೆ ಎದ್ದು ಅಡುಗೆ, ಬಸ್ಸು, ಲ್ಯಾಬು, ಮತ್ತೆ ಬಸ್ಸು, ಮತ್ತೆ ಅಡುಗೆ. ನನ್ನ ಕಥೆನೇ ಬಿಡು" ಎಂದೆ. ಅವಳು ನಗಲಿಲ್ಲ, ಅವಳ ತಲೆ ತುಂಬ ಬಾಟಲಿಗಳೇ ಇದ್ದವು. ತಳದ ಮಂಜಿನಲ್ಲಿ ಫಾಸ್ಫೇಟ್ ವಾಪಸ್ ಬಂದು ಕೂಡಿಕೊಳ್ಳುತ್ತದೆ ಎಂದು ತೋರಿಸಬೇಕಿತ್ತು ಅವಳಿಗೆ. ನಾಲ್ಕು ವರ್ಷ ಕಾದು ಅಲ್ಲಿಗೆ ಹೋಗುವ ಹಡಗಿನಲ್ಲಿ ಒಂದು ಜಾಗ ಸಿಕ್ಕಿತ್ತು, ಇನ್ನೊಮ್ಮೆ ಸಿಗುವ ನಂಬಿಕೆ ಇರಲಿಲ್ಲ. ಥೀಸಿಸ್ ಪೂರ್ತಿ ಈ ಬಾಟಲಿಗಳ ಮೇಲೆ ನಿಂತಿತ್ತು. "ಏನೂ ಸಿಗದೆ ಹೋದ್ರೆ ಆಂಟಿ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

ಆಯುಧಪೂಜೆ ನಮ್ಮಲ್ಲಿ ಜೋರು. ಯಂತ್ರಗಳನ್ನೆಲ್ಲ ಒರೆಸಿ, ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕುತ್ತೇವೆ. ಆ ಕೆಲಸ ಪ್ರತಿವರ್ಷ ನನ್ನದೇ. ಫ್ರೀಜರಿನ ಬಾಗಿಲಿಗೆ ಗೆರೆ ಎಳೆದವಳು, ಒಳಗಿರುವ ಆ ಬಾಟಲಿಗಳನ್ನು ನೆನೆದೆ. ಅಷ್ಟು ದೂರದಿಂದ ಬಂದಿವೆ, ಹುಡುಗಿ ಊಟ ನಿದ್ದೆ ಬಿಟ್ಟಿದ್ದಾಳೆ, ಒಳ್ಳೆಯದಾಗಲಿ ಅನ್ನಿಸಿತು. ಬಾಗಿಲು ತೆರೆದು ಮುಂದಿನ ಸಾಲಿನ ಪ್ರತಿ ಮುಚ್ಚಳಕ್ಕೂ ಒಂದೊಂದು ಬೊಟ್ಟು ವಿಭೂತಿ ಇಟ್ಟೆ. ಹಿಂದಿನ ಸಾಲಿಗೆ ಕೈ ಎಟುಕಲಿಲ್ಲ, ಚಳಿಗೆ ಬೆರಳೂ ಮರಗಟ್ಟಿದ್ದವು. ಅವಕ್ಕೆ ನಿಂತಲ್ಲಿಂದಲೇ ಕೈ ಮುಗಿದೆ.

ಹಬ್ಬ ಮುಗಿದು ಪರೀಕ್ಷೆಯ ದಿನ ಬನಶಂಕರಿಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ತಡವಾಯಿತು. ಅವಳು ಬರುವ ಮೊದಲೇ ಬಾಟಲಿಗಳನ್ನು ಕರಗಲು ಹೊರಗೆ ತೆಗೆದು, ಮುಚ್ಚಳಗಳನ್ನು ಅವಸರದಲ್ಲಿ ಒರೆಸಿಟ್ಟೆ. ಸಾಲಿಗೊಂದರಂತೆ, ಹೋಲಿಸಿ ನೋಡಲು ಬರೀ ಶುದ್ಧ ನೀರು ತುಂಬಿದ ಬಾಟಲಿಯನ್ನೂ ಅವಳು ಇಟ್ಟಿದ್ದಳು. ಅದನ್ನು ಮೊದಲು ನೋಡಬೇಕೆಂಬುದು ನಿಯಮ. ಕೊನೆಗೆ ನೋಡಿದರಾಯಿತು ಎಂದುಕೊಂಡೆ. ನನಗೆ ಸುಸ್ತಾಗಿತ್ತು, ಅದಕ್ಕಿಂತ ಬೇರೆ ಕಾರಣವಿಲ್ಲ.

ನೀರಿಗೆ ಔಷಧ ಹಾಕಿದಾಗ ಫಾಸ್ಫೇಟ್ ಇದ್ದಷ್ಟೂ ನೀಲಿ ಬಣ್ಣ ಏರುತ್ತದೆ, ಯಂತ್ರ ಆ ನೀಲಿಯನ್ನು ಅಂಕಿಯಲ್ಲಿ ತೋರಿಸುತ್ತದೆ. ಹಿಂದಿನ ಸಾಲಿನದು, ಮಂಜಿನ ಮೇಲ್ಭಾಗದ ನೀರು, ಇದೆಯೋ ಇಲ್ಲವೋ ಎಂಬಂಥ ನೀಲಿ. ಮುಂದಿನ ಸಾಲು ತಳದ ಮಂಜಿನದು. ಅದು ಒಂದರ ಹಿಂದೆ ಒಂದು ಕಡುನೀಲಿಯಾಗುತ್ತಾ ಹೋಯಿತು. ಹುಡುಗಿ ನನ್ನ ತೋಳು ಹಿಡಿದು ಕುಣಿದಳು. ಅಲ್ಲೇ ನಿಂತು ಗೈಡಿಗೆ ಅಂಕಿಗಳನ್ನು ಕಳಿಸಿದಳು. ಆತ ಯಾವತ್ತೂ ಹೊಗಳದವನು, ಅವತ್ತು ಹೊಗಳಿದನಂತೆ. ಅಮ್ಮನಿಗೆ ಹೇಳಬೇಕೆಂದು ಮನೆಗೆ ಓಡಿದಳು.

ಅವಳು ಹೋದ ಮೇಲೆ ಶುದ್ಧ ನೀರಿನ ಎರಡು ಬಾಟಲಿಗಳನ್ನು ನೋಡಿದೆ. ಹಿಂದಿನ ಸಾಲಿನದು ತಿಳಿಯಾಗಿತ್ತು. ಮುಂದಿನ ಸಾಲಿನದು ಕಡುನೀಲಿಗೆ ತಿರುಗಿತು.

ದೇವರ ಪಟದ ಮುಂದಿದ್ದ ವಿಭೂತಿಯನ್ನು ಚಿಟಿಕೆ ತೆಗೆದು, ಶುದ್ಧ ನೀರಿಗೆ ಹಾಕಿ ಪರೀಕ್ಷೆ ಮಾಡಿದೆ. ಅದು ಮಸಿಯ ಹಾಗೆ ನೀಲಿಯಾಯಿತು. ಹಸು ಹುಲ್ಲು ತಿನ್ನುತ್ತದೆ, ಸಗಣಿ ಸುಟ್ಟು ವಿಭೂತಿ ಮಾಡುತ್ತಾರೆ, ಹುಲ್ಲಿನ ಫಾಸ್ಫೇಟ್ ಬೂದಿಯಲ್ಲಿ ಉಳಿಯುತ್ತದೆ. ಇದನ್ನು ತಿಳಿಯಲು ಧ್ರುವಕ್ಕೆ ಹೋಗಬೇಕಿರಲಿಲ್ಲ. ಫ್ರೀಜರಿನಿಂದ ತೆಗೆದ ಬಾಟಲಿ ಬೆವರುತ್ತದೆ ಎಂಬುದೂ ನನಗೆ ಗೊತ್ತಿತ್ತು. ಒರೆಸಿ ಮಿಕ್ಕ ಬೂದಿ ಆ ಬೆವರಿನ ಜೊತೆ ಮುಚ್ಚಳದ ಅಂಚಿಗಿಳಿದು, ತೆರೆದಾಗ ಒಳಗೆ ಬಿದ್ದಿತ್ತು.

ಮಾಲೀಕರಿಗೆ ಹೇಳಿದೆ. "ಬಿಡಿ ಮೇಡಂ. ಅವ್ಳು ಏನು ಸಿಗ್ಬೇಕು ಅಂತಿದ್ಳೋ ಅದೇ ಸಿಕ್ತಲ್ಲ. ಅಷ್ಟು ದೂರದ ಸಮುದ್ರ, ಯಾರು ಹೋಗಿ ನೋಡ್ತಾರೆ?" ಎಂದರು.

ಮನಸ್ಸು ಅದಕ್ಕೆ ಒಪ್ಪಿಕೊಂಡೇ ಬಿಟ್ಟಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಎರಡು ದಿನ ಅವಳ ಫೋನ್ ಎತ್ತಲಿಲ್ಲ. ಆದರೆ ಮೂರನೆಯ ದಿನ ಯಾರೋ ಬೋರ್‌ವೆಲ್ ನೀರು ತಂದು "ಸ್ವಲ್ಪ ನೋಡಿ ಹಾಕಿ" ಎಂದಾಗ ಎಂದಿನಂತೆ ಬೈಯಲು ಬಾಯಿ ಬರಲಿಲ್ಲ. ಅವತ್ತೇ ಅವಳನ್ನು ಕರೆಸಿದೆ.

ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ, ಟೇಬಲ್ ನೋಡುತ್ತಾ ಹೇಳಿದೆ. ಅವಳು ಕೇಳಿದಳು: "ನನ್ನ ಬಾಟಲಿಗೂ ಪೂಜೆ ಮಾಡಿದ್ರಾ ಆಂಟಿ?"

"ನಿಂಗೆ ಒಳ್ಳೇದಾಗ್ಲಿ ಅಂತ ಇಟ್ಟೆ ಕಣಮ್ಮ."

"ಆ ಮಂಜು ಮತ್ತೆ ಸಿಗಲ್ಲ. ಅದು ಆಗ್ಲೇ ಕರಗಿ ಸಮುದ್ರ ಸೇರಿರತ್ತೆ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮೆಟ್ಟಿಲ ಮೇಲೆ ಕೂತು ಗೈಡಿಗೆ ಫೋನ್ ಮಾಡಿದಳು. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಬೂದಿಯಲ್ಲಿ ನೈಟ್ರೇಟ್ ಉಳಿದಿರುವುದಿಲ್ಲ, ಅದು ಸುಡುವಾಗಲೇ ಹೋಗಿರುತ್ತದೆ. ಮಿಕ್ಕ ನೀರಿನಲ್ಲಿ ನೈಟ್ರೇಟ್ ನೋಡಿ ಆ ಅಂಕಿಗಳನ್ನಾದರೂ ಬಳಸಬಹುದೇನೋ, ನೋಡಬೇಕು ಎಂದನಂತೆ. ಫಾಸ್ಫೇಟಿನ ಅಧ್ಯಾಯ ಇರುವುದಿಲ್ಲ. ಆದದ್ದನ್ನು ಲ್ಯಾಬಿನವರಿಂದ ಬರೆಸಿಕೊಂಡು ಬಾ ಎಂದಿದ್ದಾನೆ.

ಕಾಗದ ತೆಗೆದು ಬರೆದೆ. ಕಾರಣ ಎಂಬಲ್ಲಿ 'ವಿಭೂತಿ' ಎಂದು ಬರೆದು, ಇಟ್ಟವರು ಎಂದು ನನ್ನ ಹೆಸರು ಹಾಕಿ ಸಹಿ ಮಾಡಿದೆ. ಅವಳು ಓದಿ, ಮಡಿಸಿ ಚೀಲಕ್ಕಿಟ್ಟುಕೊಂಡು, ಮಿಕ್ಕ ನೀರಿನ ಬಾಟಲಿಗಳನ್ನು ಥರ್ಮೋಕೋಲ್ ಡಬ್ಬಕ್ಕೆ ಜೋಡಿಸತೊಡಗಿದಳು. ಏನಾದರೂ ಮಾಡಬೇಕಲ್ಲ ಎಂದು ನಾನು ಒದ್ದೆ ಬಟ್ಟೆ ಹಿಡಿದು ಫ್ರೀಜರಿನ ಬಾಗಿಲ ಮೇಲಿನ ಮೂರು ಗೆರೆಗಳನ್ನು ಒರೆಸಲು ಹೋದೆ. ಅವಳು ನನ್ನ ಕೈ ಹಿಡಿದಳು.

"ಅದಿರ್ಲಿ ಬಿಡಿ ಆಂಟಿ. ಬಾಗಿಲಿಗೆ ಪರವಾಗಿಲ್ಲ."

ಅವತ್ತು ಸಂಜೆ ಬಸ್ಸಿನಲ್ಲಿ ಎಂದೂ ಸಿಗದ ಕಿಟಕಿ ಸೀಟು ಸಿಕ್ಕಿತು. ಕೋಣನಕುಂಟೆ ಬರುವವರೆಗೂ ಅತ್ತೆ.