ದಫೇದಾರ್ ಮುನಿಶಾಮಿಯ ಹತ್ತಿರ ಮೂವರಿದ್ದರು

ಇನ್ನೂ ಮನಸ್ಸು ಒಪ್ಪುತ್ತಿಲ್ಲ...
ನಿನ್ನೆ ಸಂಜೆ ಗಂಜಿಗೆ ಉಪ್ಪು ಕಮ್ಮಿ ಅಂತ ನನ್ನ ಜೊತೆ ಜಗಳ ಆಡಿದವನು ಇವತ್ತು ಬೆಳಿಗ್ಗೆ ಇಲ್ಲ...

ನಮ್ಮ ಯಲ್ದೂರಿನ ಮುನಿಶಾಮಿ.
ಹೈಸ್ಕೂಲಿನಲ್ಲಿ ನನಗಿಂತ ಚಿಕ್ಕವನು. ಆಮೇಲೆ ಸೈನ್ಯದ ಟ್ಯಾಂಕ್ ರೆಜಿಮೆಂಟಿನಲ್ಲಿ ದಫೇದಾರ್, ಅಂದರೆ ಹವಾಲ್ದಾರ್ ದರ್ಜೆ.
ರಿಟೈರ್ ಆಗಿ ಬಂದ ಮೇಲೆ ನಮ್ಮ ಮಾವಿನ ತೋಟದ ಪಕ್ಕದಲ್ಲೇ ಮನೆ, ಒಂದು ಚಿಕ್ಕ ತೋಟ.
ಹೆಂಡತಿ ಮಕ್ಕಳು ಇರಲಿಲ್ಲ.

ಅವನ ರೆಜಿಮೆಂಟಿನ ಹೆಸರಲ್ಲಿ ಲೈಟ್ ಕ್ಯಾವಲ್ರಿ ಅಂತ ಇತ್ತು.
"ಲೈಟ್ ಅಂದ್ರೆ ಹಗುರ ಅಲ್ವೇನೋ" ಅಂತ ರೇಗಿಸಿದರೆ,
"ಕುದುರೆ ಕಾಲದ ಹೆಸರು ಅಕ್ಕಾ. ಟ್ಯಾಂಕು ಒಂದ್ಸಲ ಕಾಲ್ಮೇಲೆ ಹತ್ತಿದ್ರೆ ಗೊತ್ತಾಗುತ್ತೆ" ಅನ್ನುತ್ತಿದ್ದ...

ಶ್ವಾಸಕೋಶದ ಕಾಯಿಲೆ ಜೋರಾದಾಗ ಒಂದೇ ಮಾತು ಹೇಳಿದ.
"ಟ್ಯಾಂಕಲ್ಲಿ ಯಾವತ್ತೂ ಒಬ್ಬನೇ ಕೂತೋನಲ್ಲ ಅಕ್ಕಾ. ಒಬ್ಬನೇ ಸಾಯೋ ಹಾಗಾಗಬಾರದು..."

ನಾನು ಸುಮ್ಮನೆ ಕೂರುವವಳಲ್ಲ.
ಅವನೇ ಹೇಳಿಕೊಟ್ಟಿದ್ದ ಲೆಕ್ಕ ಹಿಡಿದೆ.
ಒಂದು ಟ್ಯಾಂಕಿಗೆ ಮೂವರು. ದಾರಿ ನೋಡಿ ಹೇಳುವ ಕಮಾಂಡರ್, ಗುಂಡು ಹೊಡೆಯುವ ಗನ್ನರ್, ಓಡಿಸುವ ಡ್ರೈವರ್.
ಮೂರು ಟ್ಯಾಂಕ್ ಸೇರಿದರೆ ಒಂದು ಟ್ರೂಪ್. ಟ್ರೂಪುಗಳು ಸೇರಿ ಸ್ಕ್ವಾಡ್ರನ್, ಸ್ಕ್ವಾಡ್ರನ್‌ಗಳು ಸೇರಿ ರೆಜಿಮೆಂಟ್.
ರೆಜಿಮೆಂಟ್ ಮಾಡುವಷ್ಟು ಜನ ನಮ್ಮ ಬೀದಿಯಲ್ಲಿಲ್ಲ...
ಒಂದು ಟ್ರೂಪ್ ಮಾಡಿದೆ. ಮೂರು ಪಾಳಿ, ಪಾಳಿಗೆ ಮೂವರು.
ಮನೆಮನೆಯ ಹಿರಿಯರನ್ನೇ ಆರಿಸಿದೆ.

ಅಲ್ಲೇ ಎಡವಟ್ಟಾಯಿತು.
ಒಂದು ಮಧ್ಯಾಹ್ನ ಅವನಿಗೆ ಉಸಿರು ಕಟ್ಟಿತು. ಎಲ್ಲರೂ ಓಡಿಬಂದರು.
ಒಬ್ಬರು ಕೋಲಾರಕ್ಕೆ ಅಂದರು, ಒಬ್ಬರು ಶ್ರೀನಿವಾಸಪುರವೇ ಹತ್ತಿರ ಅಂದರು, ನಾನು ಮೊದಲು ಕಿಟಕಿ ತೆಗೀರಿ ಅಂದೆ.
ಬಾಗಿಲಲ್ಲೇ ನಿಂತಿದ್ದ ಕಾರಿನ ಹತ್ತಿರ ಒಬ್ಬರೂ ಹೋಗಲಿಲ್ಲ...
ಮಂಚದ ಮೇಲಿಂದ ಏದುಸಿರು ಬಿಡುತ್ತಾ ಇವನೇ ಕೇಳಿದ,
"ಎಲ್ರೂ ಕಮಾಂಡರ್‌ಗಳೇ... ಡ್ರೈವರ್ ಯಾರಕ್ಕಾ?"

ಆಸ್ಪತ್ರೆಯಿಂದ ಬಂದವನೇ ಎಲ್ಲ ಬದಲಾಯಿಸಿದ.
ಪ್ರತಿ ಪಾಳಿಗೂ ಹೇಳುವವರು ಒಬ್ಬರೇ.
ಬೆಳಗಿನ ಪಾಳಿಗೆ ನನ್ನ ಸೊಸೆ ಶೋಭಾ ಕಮಾಂಡರ್.
ಔಷಧಿ, ಆಕ್ಸಿಜನ್‌ಗೆ ಅವಳ ಗೆಳತಿ. ಕಾರಿಗೆ ಎದುರುಮನೆ ನಾಗರಾಜ.
ನನ್ನನ್ನು ಹೆಡ್‌ಕ್ವಾರ್ಟರ್ ಸ್ಕ್ವಾಡ್ರನ್‌ಗೆ ಹಾಕಿದ. ಅಂದರೆ ಗಂಜಿ ಕಾಯಿಸುವುದಕ್ಕೆ.

ಮುನಿಶಾಮಿ...
ಈ ಮನೆಯಲ್ಲಿ ನನಗೆ ಎದುರು ಮಾತಾಡಿದವರಿಲ್ಲ ಕಣೋ. ನೀನು ನನ್ನನ್ನು ಸೊಸೆಯ ಕೈಕೆಳಗೆ ಹಾಕಿದೆ.
ನಾನು ಮುಖ ಊದಿಸಿಕೊಂಡಾಗ,
"ಏಮಕ್ಕಾ, ಡೀಸೆಲ್ಲು, ಊಟ, ರಿಪೇರಿ ಎಲ್ಲ ನೋಡೋರೇ ಅವರು. ಅವರಿಲ್ದಿದ್ರೆ ಯಾವ ಟ್ಯಾಂಕೂ ಮುಂದಕ್ಕೆ ಹೋಗಲ್ಲ" ಅಂದೆ ನೀನು.
ಸಮಾಧಾನಕ್ಕೆ ಹೇಳಿದೆ ಅಂತ ಗೊತ್ತು.
ಆದರೂ ಒಂದು ದಿನವೂ ಗಂಜಿ ತಪ್ಪಿಸಲಿಲ್ಲ ನಾನು...

ಇವತ್ತು ಬೆಳಿಗ್ಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿದ್ದೆ. ಕಾಯಿ ಇಳಿಸುತ್ತಿದ್ದರು.
ಶೋಭಾ ಫೋನ್ ಮಾಡಿದಳು.
"ಅತ್ತೆ... ಮುನಿಶಾಮಿ ಮಾವ ಹೋಗ್ಬಿಟ್ರು."
ಯಾವಾಗ, ಹೇಗೆ ಅಂತ ಕೇಳಲಿಲ್ಲ.
"ಹತ್ರ ಯಾರಿದ್ರೇ?"
"ಮೂರು ಜನಾನೂ ಇದ್ವಿ ಅತ್ತೆ. ಕೈ ನಾನೇ ಹಿಡ್ಕೊಂಡಿದ್ದೆ. ಒದ್ದಾಡ್ಲಿಲ್ಲ. ನಮ್ಮನ್ನೆಲ್ಲ ಒಂದ್ಸಲ ನೋಡಿ ಕಣ್ಮುಚ್ಚಿದ್ರು."

ಮಾವಿನ ಕ್ರೇಟ್ ಮೇಲೆ ಕೂತುಬಿಟ್ಟೆ...
ಅಳು ಬರಲಿಲ್ಲ.
ಇಷ್ಟು ದಿನ ಎದೆಯ ಮೇಲಿದ್ದ ಭಾರ ಇಳಿಯಿತು. ಸಾವಿನ ಸುದ್ದಿಗೆ ಹೀಗೆ ಹೇಳಬಾರದು ಅನ್ನುವವರು ಅನ್ನಲಿ. ಅವನು ಹೆದರಿದ್ದು ಯಾವುದಕ್ಕೆ ಅಂತ ನನಗೆ ಗೊತ್ತು.
ಶೋಭಾಗೆ "ಚೆನ್ನಾಗಿ ಮಾಡಿದೆ ಕಣೇ" ಅಂದೆ. ಅವಳಿಗೆ ಈ ಮಾತು ನಾನು ಹೇಳಿದ್ದು ಇದೇ ಮೊದಲು...

ಸಂಜೆ ಅವನ ತೋಟದಲ್ಲೇ ಮಣ್ಣು. ಬರುವವರು ಬನ್ನಿ.

ದಣಿದ ಜೀವ, ಇನ್ನು ನೆಮ್ಮದಿಯಾಗಿರಲಿ. ಭಯವಿಲ್ಲದೆ ಹೋಗು ಮುನಿಶಾಮಿ... 🙏